ಹಿತ್ತಿಲ ಮರುಗ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ಉತ್ಸವವೆಂದ ಮೇಲೆ ಕನ್ನಡದ ಅಧ್ಯಾಪಕನಾದವನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡತಕ್ಕದ್ದೆಂಬುದು ವಾಡಿಕೆ. ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿಯೂ ಅಂಥದೇ ವಿಷಯವಿದ್ದಿತು. ನಾವು ಆರಿಸಿದ ವಿಷಯವನ್ನು ಕೇಳಿ ಅವರು ಕ್ಷಣಕಾಲ ಸುಮ್ಮನಾದರು. ಆಮೇಲೆ, ಮನೆಯ ಹೆಂಗಸರು ಸಭೆಗೆ ಬರುವುದಕ್ಕೆ ಇದೊಂದು ಕಾರಣವಾದೀತೆಂದು ನಕ್ಕು ಒಪ್ಪಿಕೊಂಡರು. ವಿಷಯ ಇಷ್ಟೇ: ಮರುಗ. ಮುಡಿಗೂ ದೇವರಿಗೂ ಮಾತ್ರವೆಂದು ನಾವು ಬಿಟ್ಟುಬಿಟ್ಟಿರುವ ಈ ಸೊಪ್ಪನ್ನು ಹಿತ್ತಿಲಲ್ಲಿ ಬೆಳೆಸಿ ಅಡುಗೆಯ ಮನೆಗೂ ತಂದುಕೊಳ್ಳಬೇಕೆಂಬುದು ನಮ್ಮ ವಿಜ್ಞಾಪನೆ. ದಿನವೂ ಕೈಗೆ ಸಿಕ್ಕುವ ವಸ್ತುವಿನ ಹೆಸರು ಬಾಯಲ್ಲಿ ನಿಲ್ಲುತ್ತದೆ. ಹಬ್ಬಕ್ಕೊಮ್ಮೆ ಕೊಂಡು ತರುವ ವಸ್ತುವಿನ ಹೆಸರು ಮಾರುವವನ ಇಷ್ಟದಂತೆ ಬದಲಾಗುತ್ತದೆ. ಈ ಎರಡನೆಯ ಗತಿ ಮರುಗಕ್ಕೆ ಈಗಾಗಲೇ ಒದಗಿದೆ.

ಮರುಗವನ್ನು ಅರಿಯದ ತಾಯಂದಿರು ಈ ಸಭೆಯಲ್ಲಿ ಇರಲಾರರು. ಮಲ್ಲಿಗೆಯ ದಂಡೆಯ ನಡುನಡುವೆ ಹಸುರಾಗಿ ಇಣುಕುವ, ಹೂ ಬಾಡಿ ಹೋದರೂ ಮರುದಿನದವರೆಗೆ ಪರಿಮಳವನ್ನು ಬಿಡದ ಸೊಪ್ಪೇ ಅದು. ಗಿಡ ಮೊಳದೆತ್ತರವನ್ನು ಬಹಳವಾಗಿ ಮೀರುವುದು ಅಪರೂಪ. ಎಲೆ ಬೆರಳಿನ ಉಗುರಿನಷ್ಟು. ಬಣ್ಣ ಬೂದಿ ಬೆರಸಿದ ಹಸುರು. ಮುಟ್ಟಿದರೆ ಮಖಮಲ್ಲಿನಂತೆ ಮೃದು. ಹೂವಿಗೆ ಮುನ್ನ ಕೊನೆಗಳಲ್ಲಿ ಗಂಟು ಹಾಕಿದಂತೆ ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ಹೂ ಬಿಳಿಯದು, ಬಲು ಚಿಕ್ಕದು. ತುಳಸಿ, ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆ ಇವೆಲ್ಲ ಇದರ ದಾಯಾದಿಗಳು. ಕಡ್ಡಿಯನ್ನು ಬೆರಳುಗಳ ನಡುವೆ ಉರುಳಿಸಿ ನೋಡಿದರೆ ಅದು ದುಂಡಗಿರದೆ ಚೌಕವಾಗಿರುವುದು ಆ ಮನೆತನದ ಗುರುತು. ಸಸ್ಯಶಾಸ್ತ್ರಜ್ಞನಾದ ಲಿನೇಯಸನು ೧೭೫೩ರಲ್ಲಿ ಇದಕ್ಕೆ ‘ಒರಿಗ್ಯಾನಮ್ ಮೆಜೊರಾನ’ ಎಂಬ ಹೆಸರನ್ನಿಟ್ಟನು. ಇದರ ತವರು ಸೈಪ್ರಸ್ ದ್ವೀಪ ಮತ್ತು ಅದರ ಉತ್ತರಕ್ಕಿರುವ ತುರ್ಕಿಯ ದಕ್ಷಿಣ ಭಾಗ. ಎಂದರೆ, ನಮ್ಮ ಹಿತ್ತಿಲಿಗೆ ಇದು ಬಂದ ಸೊಸೆಯೇ ಹೊರತು ಹುಟ್ಟಿದ ಮಗಳಲ್ಲ. ಆದರೆ ಬಂದು ಎಷ್ಟು ಕಾಲವಾಯಿತೆಂದರೆ, ನಮ್ಮ ಹಾಡುಗಳಲ್ಲಿ ಮಲ್ಲಿಗೆಯ ಪಕ್ಕದಲ್ಲಿಯೇ ಅದಕ್ಕೆ ಮಣೆ ಹಾಕಿದೆ.

ಹೆಸರಿನ ವಿಚಾರವಾಗಿ ಸ್ವಲ್ಪ ಹೆಚ್ಚಾಗಿಯೇ ಹೇಳಲು ಅಪ್ಪಣೆ ಬೇಡುತ್ತೇವೆ; ಅಧ್ಯಾಪಕನ ಚಪಲವೆಂದು ಕ್ಷಮಿಸಬೇಕು. ಅಮರಸಿಂಹನ ಕೋಶದ ವನೌಷಧಿ ವರ್ಗದಲ್ಲಿ ‘ಮರುವಕ’ ಎಂಬ ಪದವುಂಟು. ಫಣಿಜ್ಜಕ, ಸಮೀರಣ ಎಂಬವೂ ಅದರ ಪರ್ಯಾಯಗಳು. ಈ ಹೆಸರುಗಳನ್ನು ತುಳಸಿಯ ಒಂದು ಜಾತಿಗೆ ಹೇಳುವ ಪಂಡಿತರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಸಮೀರಣವೆಂದರೆ ಗಾಳಿ. ಹೂ ತನ್ನ ಕಂಪನ್ನು ಗಾಳಿಗೆ ಕೊಟ್ಟು ಕಳುಹಿಸುತ್ತದೆ; ಈ ಸೊಪ್ಪಾದರೋ ತಾನೇ ಗಾಳಿಯೆನಿಸಿಕೊಂಡಿತು. ಕನ್ನಡದಲ್ಲಿ ಅದು ಮರುಗ, ಮರುವ ಎಂದಾಯಿತು, ತೆಲುಗಿನಲ್ಲಿ ಮರುವಂ, ತಮಿಳಿನಲ್ಲಿ ಮರು. ಇಲ್ಲಿಯವರೆಗೆ ಮೂರು ಭಾಷೆಯ ಅಕ್ಕತಂಗಿಯರಲ್ಲಿ ಜಗಳವಿಲ್ಲ. ತೊಡಕು ಬರುವುದು ಮುಂದೆ. ತಮಿಳಿನಲ್ಲಿ ‘ಮರಿಕೊಳುಂದು’ ಎಂಬ ಇನ್ನೊಂದು ಮಾತುಂಟು. ಶಬ್ದವನ್ನು ಬಿಡಿಸಿದರೆ ಮರುವಿನ ಕುಡಿ ಎಂದು ಅರ್ಥವಾಗುವಂತಿದೆ. ಆದರೆ ಆ ಹೆಸರಿನಿಂದ ಬಹುಮಟ್ಟಿಗೆ ಕರೆಯುವುದು ಮರುಗವನ್ನಲ್ಲ, ನಮ್ಮ ದವನವನ್ನು. ದವನವು ಬೇರೆಯೇ ಕುಲದ ಗಿಡ. ಅದರ ಎಲೆ ಸೀಳುಸೀಳಾಗಿ ಬೂದು ಬಣ್ಣದ ಜರತಾರಿಯಂತಿರುತ್ತದೆ, ರುಚಿ ಕಹಿ. ಚೈತ್ರದಲ್ಲಿ ದವನದ ಹುಣ್ಣಿಮೆಗೆ ದೇವರಿಗೆ ಏರಿಸುವುದು ಅದನ್ನೇ. ಅದರ ಎಣ್ಣೆಯನ್ನು ಇಳಿಸಿ ಸುಗಂಧದ್ರವ್ಯಗಳವರಿಗೆ ಮಾರುತ್ತಾರೆ. ದವನವನ್ನು ಮರುಗವೆಂದು ಬಗೆದು ಸಾರಿಗೆ ಹಾಕಿದರೆ ಆ ದಿನದ ಊಟ ಮುಗಿದಂತೆಯೇ.

ನಮ್ಮ ತರಗತಿಯಲ್ಲಿ ಪದ್ಯವೊಂದನ್ನು ಪಾಠ ಮಾಡುವಾಗ ‘ಮರುಗ’ ಎಂಬ ಪದ ಬಂದಿತು. ಅರ್ಥವೇನೆಂದು ಕೇಳಿದೆವು. ಒಬ್ಬ ಹುಡುಗನು ಎದ್ದು, ದುಃಖಿಸುವುದು ಎಂದನು. ತಪ್ಪೆಂದು ಗದರುವಂತಿರಲಿಲ್ಲ, ‘ಮರುಗು’ ಎಂಬ ಕ್ರಿಯಾಪದವನ್ನು ಅವನು ನೆನೆದಿದ್ದನು. ಮರುದಿನ ಎರಡು ಕಟ್ಟು ಸೊಪ್ಪನ್ನು, ಒಂದು ಮರುಗ ಒಂದು ದವನ, ಮೇಜಿನ ಮೇಲಿಟ್ಟೆವು. ಹುಡುಗಿಯರು ಎರಡನ್ನೂ ಮೂಸಿ ನೋಡಿ ಎರಡಕ್ಕೂ ಮರಿಕೊಳುಂದು ಎಂಬ ಒಂದೇ ಹೆಸರನ್ನು ಹೇಳಿದರು. ಅವರು ಕನ್ನಡ ಮಾಧ್ಯಮದ ಮಕ್ಕಳು, ಮನೆಯಲ್ಲಿ ಕನ್ನಡವನ್ನಾಡುವವರು, ಅವರಲ್ಲಿ ಕೆಲವರ ತಂದೆ ಹೂ ಬೆಳೆದು ಹೊಸೂರಿಗೂ ಬೆಂಗಳೂರಿಗೂ ಕಳುಹಿಸುವವರು. ತಮಿಳು ಹೆಸರನ್ನು ಹೇಳಿದರೆಂಬುದು ನಮಗೆ ವ್ಯಥೆಯಲ್ಲ; ಮೂರು ಭಾಷೆಯ ಸಂತೆಯಲ್ಲಿ ಬೆಳೆದ ಮಕ್ಕಳಿಗೆ ಅದು ಲಾಭವೇ. ಎರಡು ಗಿಡಗಳಿದ್ದೆಡೆಯಲ್ಲಿ ಒಂದೇ ಹೆಸರು ಉಳಿಯಿತಲ್ಲ, ಅದು ನಷ್ಟ. ಹೆಸರು ಹೋದುದರೊಡನೆ ಎರಡಕ್ಕಿರುವ ಭೇದವನ್ನು ಕಾಣುವ ಕಣ್ಣೂ ಹೋಯಿತು. ನಮ್ಮ ಈ ತಾಲ್ಲೂಕು ೧೯೬೫ರವರೆಗೆ ಸೇಲಂ ಜಿಲ್ಲೆಯಲ್ಲಿದ್ದಿತು, ಆಮೇಲೆ ಧರ್ಮಪುರಿಗೆ ಸೇರಿತು, ೨೦೦೪ರಿಂದ ಕೃಷ್ಣಗಿರಿಯಲ್ಲಿದೆ. ಜಿಲ್ಲೆಯ ಹೆಸರು ಬದಲಾಯಿಸುವುದು ಸರಕಾರದ ಕೆಲಸ. ಅದು ನಮ್ಮ ಕೈಯಲ್ಲಿಲ್ಲ. ಶಾಲೆಯಲ್ಲಿ ಕನ್ನಡಕ್ಕೆ ಎಷ್ಟು ಪಾಠದ ಅವಧಿ, ಪರೀಕ್ಷೆಯಲ್ಲಿ ಎಷ್ಟನೆಯ ಸ್ಥಾನ ಎಂಬ ಮಾತೂ ೨೦೦೬ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ನಮ್ಮೆಲ್ಲರನ್ನೂ ಕಾಡಿದೆ. ಅದನ್ನು ಈ ವೇದಿಕೆಯಲ್ಲಿ ನಮಗಿಂತ ಬಲ್ಲವರು ಆಡುವರು. ಹಿತ್ತಿಲ ಗಿಡಕ್ಕೆ ಏನೆಂದು ಕರೆಯಬೇಕೆಂಬುದಕ್ಕೆ ಮಾತ್ರ ಯಾವ ಅಪ್ಪಣೆಯೂ ಬೇಕಿಲ್ಲ.

ಇನ್ನು ಈ ಸೊಪ್ಪನ್ನು ತಿನ್ನುವುದುಂಟೆ ಎಂಬ ಪ್ರಶ್ನೆ. ಗ್ರೀಕರು ಮರುಗವನ್ನು ‘ಅಮರಕೋಸ್’ ಎಂದರು. ಸೈಪ್ರಸ್ಸಿನ ಅರಸನ ಓಲಗದಲ್ಲಿ ಅಮರಕನೆಂಬ ಸೇವಕನಿದ್ದನಂತೆ. ಸುಗಂಧತೈಲದ ಭರಣಿಯನ್ನು ಕೈಜಾರಿ ಒಡೆದು, ಭಯದಿಂದ ಮೂರ್ಛೆಹೋಗಿ, ಈ ಗಿಡವಾಗಿ ಮಾರ್ಪಟ್ಟನೆಂದು ಅವರ ಕಥೆ. (ಮರುವಕಕ್ಕೂ ಅಮರಕಕ್ಕೂ ಧ್ವನಿಸಾಮ್ಯ ಎದ್ದು ಕಾಣುತ್ತದೆ, ಆದರೆ ಧ್ವನಿಸಾಮ್ಯವೊಂದರಿಂದಲೇ ನಂಟಸ್ತನವನ್ನು ನಿಶ್ಚಯಿಸುವುದು ವೈಯಾಕರಣರಿಗೆ ಒಪ್ಪದು.) ಪುರಾತನ ಗ್ರೀಕರೂ ರೋಮನರೂ ಮದುವೆಯ ಮಾಲೆಗಳಲ್ಲಿ ಇದನ್ನು ಕಟ್ಟುತ್ತಿದ್ದರು, ವಿವಾಹದ ದೇವತೆಯ ತಲೆಯ ಮೇಲೆ ಇದರ ದಂಡೆಯನ್ನೇ ಇಟ್ಟಿದ್ದರು. ಇಷ್ಟಕ್ಕೆ ನಾವೂ ಅವರೂ ಸಮಾನ. ಆದರೆ ಯುರೋಪಿನವರು ಮಾಲೆಯಿಂದ ಉದುರಿದುದನ್ನು ಗಡಿಗೆಗೂ ಹಾಕಿಕೊಂಡರು. ಇಂದು ಜರ್ಮನಿಯಲ್ಲಿ ಆಲೂಗಡ್ಡೆಯ ಸಾರಿಗೆ ಮರುಗವಿಲ್ಲದಿದ್ದರೆ ಅದು ಸಾರೇ ಅಲ್ಲ. ಮಾಂಸದ ಪದಾರ್ಥಗಳಿಗೂ ಅವರು ಇದನ್ನೇ ಬೆರಸುತ್ತಾರೆ. ಪೋಲೆಂಡಿನವರು ಹುಳಿ ಬರಿಸಿದ ಹಿಟ್ಟಿನ ಗಂಜಿಯಂಥ ತಮ್ಮ ಸಾರಿಗೆ ಒಣಗಿದ ಮರುಗವನ್ನು ಉದುರಿಸಿಕೊಳ್ಳುತ್ತಾರೆ. ಈಜಿಪ್ಟಿನ ರೈತರು ಇದನ್ನು ಎಕರೆಗಟ್ಟಲೆ ಬೆಳೆದು ಒಣಗಿಸಿ ಅಲ್ಲಿಗೆಲ್ಲ ಕಳುಹಿಸುತ್ತಾರೆ. ಅಷ್ಟು ದೂರ ಹೋಗುವುದೇಕೆ? ಇದರ ದಾಯಾದಿಯಾದ ದೊಡ್ಡಪತ್ರೆಯನ್ನು ನಾವು ತಂಬುಳಿಗೂ ಬಜ್ಜಿಗೂ ಬಳಸುತ್ತಿಲ್ಲವೆ? ಕಾಮಕಸ್ತೂರಿಯ ಬೀಜವನ್ನು ಪಾನಕಕ್ಕೆ ನೆನೆಸುತ್ತಿಲ್ಲವೆ? ಒಂದೇ ಮನೆಯ ಮಕ್ಕಳಲ್ಲಿ ಇಬ್ಬರಿಗೆ ಎಲೆ ಹಾಕಿ ಒಬ್ಬಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೇವೆ.

ದೇವರಿಗೆ ಏರಿಸುವುದನ್ನು, ಮುಡಿಯುವುದನ್ನು ತಿನ್ನಬಹುದೆ ಎಂದು ಹಿರಿಯ ತಾಯಿಯೊಬ್ಬರು ನಮ್ಮನ್ನು ಕೇಳಿದರು. ಕೇಳಿದುದು ಯುಕ್ತವೇ. ತುಳಸಿ ಏರಿಸುವುದೂ ಹೌದು, ತೀರ್ಥದಲ್ಲಿ ಸೇವಿಸುವುದೂ ಹೌದು; ಆದುದರಿಂದ ಗಿಡಕ್ಕೆ ದೋಷವಿಲ್ಲ. ಮುಡಿದುದನ್ನು ಯಾರೂ ತಿನ್ನುವುದಿಲ್ಲ. ಬೆಳಗ್ಗೆ ಕೊಯ್ಯುವಾಗಲೇ ದೇವರ ಪಾಲು, ಮುಡಿಯ ಪಾಲು, ಅಡುಗೆಯ ಪಾಲು ಎಂದು ಬೇರೆ ಮಾಡಿದರಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕಾಗಿದೆ. ಅಂಗಡಿಯಲ್ಲಿ ಕೊಂಡ ಮರುಗವನ್ನು ಅಡುಗೆಗೆ ಹಾಕತಕ್ಕದ್ದಲ್ಲ. ನಮ್ಮ ಬಾಗಲೂರು ಹೊಸೂರುಗಳ ಸುತ್ತ ಹೂವಿನ ಬೇಸಾಯ ಎಷ್ಟು ಹಬ್ಬಿದೆಯೆಂಬುದು ನಿಮಗೆ ತಿಳಿದದ್ದೇ. ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ಬೆಳೆದ ಗುಲಾಬಿ ವಿಮಾನವೇರಿ ಹೊರದೇಶಗಳಿಗೆ ಹೋಗುತ್ತದೆ. ಫೆಬ್ರವರಿ ೧೪ರ ಪ್ರೇಮಿಗಳ ದಿನಕ್ಕಾಗಿ ನಮ್ಮ ರೈತರು ದೀಪಾವಳಿಗಿಂತ ಹೆಚ್ಚಾಗಿ ದುಡಿಯುತ್ತಾರೆ. ಅವರ ದುಡಿಮೆಯನ್ನು ನಾವು ಗೌರವಿಸುತ್ತೇವೆ. ಆದರೆ ಹೂವಿನ ಬೆಳೆಗೆ ಹೊಡೆಯುವ ಔಷಧದ ಲೆಕ್ಕವೇ ಬೇರೆ, ಬಾಯಿಗೆ ಹೋಗುವ ಸೊಪ್ಪಿನ ಲೆಕ್ಕವೇ ಬೇರೆ. ದಂಡೆಗೆಂದು ಬೆಳೆದ ಸೊಪ್ಪನ್ನು ತಿನ್ನುವವರಿದ್ದಾರೆಂದು ಬೆಳೆದವನು ಎಣಿಸಿಯೇ ಇರುವುದಿಲ್ಲ. ಎಲೆಯ ಮೇಲಿನ ನಯವಾದ ರೋಮಗಳಲ್ಲಿ ಸಿಕ್ಕಿದುದು ಒಂದು ಸಲ ತೊಳೆದರೆ ಹೋಗುತ್ತದೆಂಬ ಭರವಸೆಯಿಲ್ಲ. ಹೀಗಾಗಿ ಅಡುಗೆಯ ಮರುಗವೆಂದರೆ ಮನೆಯ ಮರುಗವೇ; ಬೇರೆ ದಾರಿಯಿಲ್ಲ.

ಬೆಳೆಸುವುದೇನೂ ಕಷ್ಟವಲ್ಲ. ಬೀಜ ಧೂಳಿನಷ್ಟು ಸಣ್ಣದು, ಮೊಳೆತರೂ ಕಾಪಾಡುವುದು ತಾಳ್ಮೆಯ ಕೆಲಸ. ಆದುದರಿಂದ ಕಡ್ಡಿಯೇ ಲೇಸು. ಹೂ ಬಿಡದ ಎಳೆಯ ಕೊನೆಯನ್ನು ನಾಲ್ಕು ಬೆರಳುದ್ದ ಚಿವುಟಿ, ಕೆಳಗಿನ ಎಲೆಗಳನ್ನು ಬಿಡಿಸಿ, ಮರಳು ಬೆರೆತ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಬೇಕು. ಮಣ್ಣು ತೇವವಾಗಿರಲಿ, ಕೆಸರಾಗದಿರಲಿ. ಮೂರು ವಾರಗಳ ಹೊತ್ತಿಗೆ ಬೇರು ಬರುತ್ತದೆ. ಕಡ್ಡಿಯನ್ನು ಮೆಲ್ಲನೆ ಎಳೆದರೆ ಬಿಗಿಹಿಡಿದುಕೊಳ್ಳುವುದರಿಂದ ತಿಳಿಯುತ್ತದೆ. (ನಮ್ಮ ಮಕ್ಕಳಂತೆ ದಿನವೂ ಎಳೆದು ನೋಡಬಾರದು.) ಆಮೇಲೆ ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಸೆಗಣಿ ಗೊಬ್ಬರ ಇವು ಮೂರನ್ನೂ ಸಮವಾಗಿ ಬೆರಸಿ ಗೇಣಗಲದ ಕುಂಡಕ್ಕೆ ತುಂಬಿ ನೆಡಿರಿ, ತಳದಲ್ಲಿ ತೂತಿರಲಿ. ನಮ್ಮ ಸೀಮೆಯ ಕೆಂಪುಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳದೆ ಬಿಡುವ ಗುಣವುಳ್ಳದ್ದು. ಅದು ಈ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ಹಿಮವನ್ನು ಇದು ಸಹಿಸದು. ಚಳಿದೇಶಗಳಲ್ಲಿ ಪ್ರತಿವರ್ಷವೂ ಹೊಸದಾಗಿ ಬಿತ್ತುತ್ತಾರೆ. ನಮ್ಮ ಮಾರ್ಗಶಿರದ ಮಂಜು ಇದನ್ನು ಏನೂ ಮಾಡದು.

ಮರುಗ ಸಾಯುವುದು ಬಹುತೇಕ ಪ್ರೀತಿಯಿಂದ. ತುಳಸಿಗೆ ನೀರೆರೆದ ತಾಯಿ ಚೊಂಬಿನಲ್ಲುಳಿದುದನ್ನು ಮರುಗಕ್ಕೂ ಹೊಯ್ಯುತ್ತಾಳೆ. ಹದಿನೈದು ದಿನದಲ್ಲಿ ಬೇರು ಕೊಳೆಯುತ್ತದೆ. ತುಳಸಿ ಬಾಯಾರುವ ಗಿಡ, ಮರುಗ ಉಪವಾಸದ ಗಿಡ. ಒಂದೇ ಕಟ್ಟೆಯಲ್ಲಿ ಎರಡನ್ನೂ ನೆಡಬೇಡಿ. ಮಣ್ಣಿಗೆ ಬೆರಳೂರಿ ಒಂದು ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು. ಭಾದ್ರಪದ ಆಶ್ವಯುಜಗಳಲ್ಲಿ ನಮ್ಮಲ್ಲಿ ಜಡಿಮಳೆ. ಆಗ ಕುಂಡವನ್ನು ಸೂರಿನ ಕೆಳಗೆ ಸರಿಸಿಡಿ. ಹೇನು ಕಂಡರೆ ಬರಿಯ ನೀರನ್ನು ಬಿರುಸಾಗಿ ಚಿಮುಕಿಸಿ ತೊಳೆಯಿರಿ. ಮನೆಯ ಗಿಡಕ್ಕೂ ಔಷಧ ಹೊಡೆದರೆ ಅಂಗಡಿಯ ಸೊಪ್ಪು ಮಾಡಿದ ಪಾಪವೇನು? ಕೊನೆಗಳನ್ನು ಆಗಾಗ ಚಿವುಟುತ್ತಿದ್ದಷ್ಟೂ ಗಿಡ ಪೊದೆಯಾಗುತ್ತದೆ. ಎರಡು ಮೂರು ವರ್ಷಗಳಲ್ಲಿ ಬುಡ ಕಟ್ಟಿಗೆಯಾಗಿ ಸೊರಗುವುದು ಅದರ ಸ್ವಭಾವ. ಅಷ್ಟರೊಳಗೆ ಅದರದೇ ಕಡ್ಡಿಯಿಂದ ಇನ್ನೊಂದನ್ನು ಎಬ್ಬಿಸಿಕೊಂಡಿರಬೇಕು. ಸ್ಥಳವಿದ್ದವರು ಒಂದು ಗಿಡವನ್ನು ಚಿವುಟದೆ ಹೂವಿಗೆ ಬಿಟ್ಟರೆ ಜೇನುನೊಣ ಹುಡುಕಿಕೊಂಡು ಬರುತ್ತದೆ. ಹಿತ್ತಿಲ ಕುಂಬಳ ಸೋರೆಗಳಿಗೂ ಅದರಿಂದ ಉಪಕಾರ.

ಸೊಪ್ಪನ್ನು ಕೊಯ್ಯುವ ಕಾಲ, ಮೊಗ್ಗಿನ ಗಂಟು ಕಾಣಿಸಿಕೊಂಡು ಇನ್ನೂ ಅರಳದಿರುವಾಗ. ಆಗಲೇ ಎಲೆಯಲ್ಲಿ ಪರಿಮಳದ ಎಣ್ಣೆ ತುಂಬಿರುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ, ಬುಡದಿಂದ ಮೂರರಲ್ಲಿ ಒಂದು ಪಾಲನ್ನು ಉಳಿಸಿ ಕತ್ತರಿಸಿ. ಕೊತ್ತಂಬರಿ ಸೊಪ್ಪು ಒಣಗಿದರೆ ಹುಲ್ಲಾಗುತ್ತದೆ. ಮರುಗವು ಒಣಗಿದರೂ ಮರುಗವೇ. ಬಿಸಿಲಿಗೆ ಹಾಕದೆ ನೆರಳಿನಲ್ಲಿ ತೆಳ್ಳಗೆ ಹರಡಿ, ಎಲೆ ಬೆರಳಲ್ಲಿ ಪುಡಿಯಾಗುವಂತಾದಾಗ ಕಡ್ಡಿಯಿಂದ ಉದುರಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಹಸಿಯದು ಮೂರು ಚಮಚ ಬೇಕಾದಲ್ಲಿ ಒಣಗಿದ್ದು ಒಂದು ಚಮಚ ಸಾಕು.

ಅಡುಗೆಯಲ್ಲಿ ನೆನಪಿಡಬೇಕಾದ ಗುಟ್ಟು ಒಂದೇ: ಮರುಗವು ಕುದಿಯನ್ನು ತಾಳದು. ಅದರ ಎಣ್ಣೆ ಆವಿಯೊಡನೆ ಹಾರಿಹೋಗುತ್ತದೆ. ಒಲೆಯಿಂದ ಇಳಿಸುವ ಹೊತ್ತಿಗೆ ಹಾಕಿ ಮುಚ್ಚಬೇಕು. ಆಲೂಗಡ್ಡೆಯ ಪಲ್ಯಕ್ಕೆ ಹೀಗೆ ಮಾಡಿ ನೋಡಿ. ಜರ್ಮನಿಯವರ ಮಾತು ನಿಜವೆಂದು ಒಪ್ಪುವಿರಿ. ಟೊಮೆಟೊ ಗೊಜ್ಜಿಗೂ ಹುರುಳಿಕಾಳಿನ ಸಾರಿಗೂ ಚೆನ್ನಾಗಿ ಒಗ್ಗುತ್ತದೆ. ಹುರುಳಿಯ ಒಗರನ್ನು ಇದು ಮೃದುಗೊಳಿಸುತ್ತದೆ. ಮೊಟ್ಟೆ ಮಾಂಸಗಳನ್ನು ತಿನ್ನುವ ಮನೆಗಳಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಅವರೆಕಾಳಿನ ಸಾರಿಗೆ ಮಾತ್ರ ಬೇಡವೆಂದು ನಮ್ಮ ಅಭಿಪ್ರಾಯ. ಸೊಗಡಿನ ಅವರೆಗೆ ತನ್ನದೇ ಪರಿಮಳವುಂಟು. ಅಲ್ಲಿ ಮರುಗವನ್ನು ತರುವುದು ಸಂಗೀತ ಕಚೇರಿಯ ನಡುವೆ ಓಲಗ ಊದಿಸಿದಂತೆ.

ತಂಬುಳಿಯನ್ನು ಮಾಡುವ ಬಗೆ ಹೀಗೆ. ನಾಲ್ಕು ಮಂದಿಗೆ ಎರಡು ದೊಡ್ಡ ಚಮಚ ಹಸಿಯ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸುವಷ್ಟು ಮಾತ್ರ ಹುರಿದು, ಅರ್ಧ ಚಮಚ ಜೀರಿಗೆ, ಆರು ಕಾಳು ಮೆಣಸು, ಕಾಲು ಕಾಯಿಯ ತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಬಟ್ಟಲು ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಸೇರಿಸಿ ಸಾಸಿವೆಯ ಒಗ್ಗರಣೆ ಕೊಡುವುದು. ಮಲೆನಾಡಿನವರಿಂದ ಕಲಿತ ಪಾಕವಿದು. ಬೇಸಗೆಯ ಮಧ್ಯಾಹ್ನ ಅನ್ನಕ್ಕೆ ಹಿತ. ಇದಕ್ಕಿಂತಲೂ ನಮಗೆ ಪ್ರಿಯವಾದದ್ದು ಚಟ್ನಿಪುಡಿ. ಅರಬ್ಬರ ನಾಡುಗಳಲ್ಲಿ ಮರುಗದ ಇನ್ನೊಂದು ಜಾತಿಯನ್ನು ಒಣಗಿಸಿ ಎಳ್ಳು, ಉಪ್ಪು, ಹುಳಿಯ ಕಾಯಿಯೊಂದರ ಪುಡಿ ಬೆರಸಿ, ಎಣ್ಣೆ ಸವರಿದ ರೊಟ್ಟಿಗೆ ಹಚ್ಚಿ ತಿನ್ನುತ್ತಾರೆ. ‘ಜಾತರ್’ ಎಂದು ಅದರ ಹೆಸರು. ಇದನ್ನು ಓದಿದಾಗ ನಮ್ಮ ಹುಚ್ಚೆಳ್ಳು ಪುಡಿ ನೆನಪಿಗೆ ಬಂದಿತು. ಹುರಿದ ಹುಚ್ಚೆಳ್ಳು ನಾಲ್ಕು ಪಾಲು, ಒಣಮರುಗ ಒಂದು ಪಾಲು, ಒಣಮೆಣಸಿನಕಾಯಿ, ಸ್ವಲ್ಪ ಹುಣಿಸೆ, ಉಪ್ಪು. ಮರುಗವನ್ನು ಹುರಿಯದೆ ಕಡೆಯಲ್ಲಿ ಹಾಕಿ ಒಂದು ಸುತ್ತು ಕುಟ್ಟಿದರಾಯಿತು. ಬಿಸಿಯ ರಾಗಿರೊಟ್ಟಿಯ ಮೇಲೆ ಎಣ್ಣೆಯೊಡನೆ ಹಾಕಿಕೊಂಡರೆ, ಅರಬಸ್ತಾನಕ್ಕೂ ಬಾಗಲೂರಿಗೂ ಅಷ್ಟೊಂದು ದೂರವಿಲ್ಲವೆನಿಸುತ್ತದೆ.

ಮದ್ದಿನ ವಿಷಯಕ್ಕೆ ನಾವು ಕೈಹಾಕುವುದಿಲ್ಲ. ನೆಗಡಿಗೆ, ಅಜೀರ್ಣಕ್ಕೆ ಇದು ಒಳ್ಳೆಯದೆಂದು ಹಳಬರು ಹೇಳುವುದನ್ನು ಕೇಳಿದ್ದೇವೆ; ಆದರೆ ವೈದ್ಯರಲ್ಲದವರು ವೇದಿಕೆಯಿಂದ ವೈದ್ಯ ಹೇಳಬಾರದು. ಊಟದ ಪ್ರಮಾಣದಲ್ಲಿ ತಿನ್ನಲಡ್ಡಿಯಿಲ್ಲ. ಕಷಾಯವೆಂದು ಲೋಟಗಟ್ಟಲೆ ಕುಡಿಯುವುದು ಬೇಡ, ಗರ್ಭಿಣಿಯರಿಗಂತೂ ಬೇಡವೇ ಬೇಡ.

ಇನ್ನು ನಮ್ಮ ಮಾತು ಮುಗಿಯಿತು. ಇಂದು ಬೆಳಗ್ಗೆ ಕೊಯ್ದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೇವೆ. ಸಭಾಮಂಟಪದ ಬಾಗಿಲ ಬಳಿ ನಮ್ಮ ವಿದ್ಯಾರ್ಥಿನಿಯರು ಕುಳಿತಿದ್ದಾರೆ; ಮನೆಗೆ ಮೂರರಂತೆ ಕೊಡುತ್ತಾರೆ. ಕೊಡುವ ಮುನ್ನ ಇದರ ಹೆಸರೇನೆಂದು ಕೇಳುತ್ತಾರೆ; ಕನ್ನಡದಲ್ಲಿ ಹೇಳಿದವರಿಗೆ ಮಾತ್ರ ಕಡ್ಡಿ, ಹಿರಿಯರಿಗೂ ವಿನಾಯಿತಿಯಿಲ್ಲ. ಮೂರರಲ್ಲಿ ಎರಡಾದರೂ ಬೇರು ಬಿಟ್ಟಾವು. ಸಂಜೆಯೊಳಗೆ ನೆಟ್ಟುಬಿಡಿ, ನಾಳೆಗೆ ಇಟ್ಟರೆ ಬಾಡಿಹೋಗುತ್ತವೆ.